ಸೋಮನಿಂಗನ ಜಡೆ

ಎಪ್ಪತ್ನಾಲ್ಕರ ಜೂನಿನಲ್ಲಿ ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ತಾಂತ್ರಿಕ ವಿಭಾಗ ತೆರೆದರು. ಎಂಟನೆಯ ತರಗತಿಯಿಂದ ಇಪ್ಪತ್ತು ಹುಡುಗರನ್ನು ಆರಿಸಿಕೊಂಡರು. ಜುಲೈ ಮೊದಲ ವಾರ ಅವರಲ್ಲಿ ಹತ್ತೊಂಬತ್ತು ಹುಡುಗರು ವರ್ಕ್‌ಶಾಪಿನ ಒಳಗೆ ಕಾನಸು ಎನ್ನುವ ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದರು. ಇಪ್ಪತ್ತನೆಯವನು ಸೋಮನಿಂಗ. ಅವನು ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದ.

ಮನೆಗೆ ಬಂದವನು, ನನ್ನ ಹೊರಗ ನಿಲ್ಲಿಸಿದ್ರು ಎಂದು ಪುಸ್ತಕದ ಚೀಲವನ್ನು ಮೂಲೆಗೆ ಒಗೆದ.

"ಯಾಕ ಹೊರಗ ನಿಲ್ಲಿಸಿದ್ರು? ಏನ್ ಮಾಡೀದಿ?" ಎಂದು ಅವನ ತಾಯಿ ತಿಪ್ಪವ್ವ ಕೇಳಿದಳು. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಏನೂ ಮಾಡಿಲ್ಲ. ಜಡಿ ಐತಿ ಅಂತ."

"ಜಡಿ ಇದ್ರ ಏನಾಕ್ಕೈತಿ?"

"ಮಷೀನದಾಗ ಸಿಗತೈತಂತ. ತಗಿಸಿಕೊಂಡ ಬಾ, ಆಮ್ಯಾಲ ಒಳಗ ಬಾ ಅಂದ್ರು. ಇಪ್ಪತ್ತೈದನೇ ತಾರೀಖಿಗೆ ಪಟ್ಟಿ ವಿಜಾಪುರಕ್ಕ ಹೊಕ್ಕೈತಿ. ಅಷ್ಟ್ರಾಗ ನಾ ಒಳಗ ಕಾಲಿಡಲಿಲ್ಲಂದ್ರ ನನ್ನ ಜಾಗಾ ಮತ್ತೊಬ್ಬಗ."

ಅಜ್ಜಿ ಶಂಕ್ರೆವ್ವ ಬಾಗಿಲ ಬಳಿ ಕುಳಿತು ಉಣ್ಣೆ ಹಿಂಜುತ್ತಿದ್ದಳು. ಕೈ ನಿಲ್ಲಿಸಿದಳು.

"ಯಾಂವಾ ಅಂವಾ? ದೇವರ ಜಡಿಗೆ ಕೈ ಹಚ್ಚಾಂವ?"

"ಕೈ ಹಚ್ಚಿಲ್ಲ ಆಯಿ. ಬಾಯಿಲೆ ಹೇಳ್ಯಾರ."

"ಬಾಯಿಗೆ ಹುಳಾ ಬೀಳ್ತಾವು."

ಸೋಮನಿಂಗನಿಗಿಂತ ಮೊದಲು ಹುಟ್ಟಿದ ಎರಡು ಗಂಡುಕೂಸು ವರ್ಷ ತುಂಬುವ ಮುಂಚೆ ಹೋಗಿದ್ದವು. ಇದೊಂದು ಉಳಿದರೆ ಏಳು ವರ್ಷ ಕತ್ತರಿ ತಾಗಿಸುವುದಿಲ್ಲ, ಆಮೇಲೆ ಕೂದಲನ್ನು ಮನೆದೇವರಿಗೆ ಒಪ್ಪಿಸುತ್ತೇನೆ ಎಂದು ಶಂಕ್ರೆವ್ವ ಹರಕೆ ಹೊತ್ತಿದ್ದಳು. ಅವರ ಮನೆತನದಲ್ಲಿ ಮೊದಲ ಜಡೆಗೆ ಸೋದರಮಾವನೇ ಕತ್ತರಿ ಹಚ್ಚಬೇಕು. ಉಳಿದದ್ದನ್ನು ನಾವಲಿಗ ತೆಗೆಯುತ್ತಾನೆ. ಕೂದಲನ್ನು ದೇವರಿಗೆ ಮುಟ್ಟಿಸುವವನೂ ಮಾವನೇ.

ಹುಡುಗನಿಗೆ ಏಳಾದ ವರ್ಷವೇ ಹಿರಿಯ ಮಗಳು ಲಕ್ಕವ್ವನ ಮದುವೆ ಬಂತು. ದೇವಣಗಾಂವದಲ್ಲಿರುವ ತಿಪ್ಪವ್ವನ ಅಣ್ಣ ಮಾಳಿಂಗಪ್ಪ, ಹುಡುಗಿ ತನ್ನ ಮಗನಿಗೇ ಬರುತ್ತಾಳೆ ಎಂದು ತಿಳಿದಿದ್ದ. ಇವರು ಮುದ್ದೇಬಿಹಾಳದ ಬಸ್ ಕಂಡಕ್ಟರನಿಗೆ ಕೊಟ್ಟರು. ಮಾಳಿಂಗಪ್ಪ ಮದುವೆಗೆ ಬಂದ, ಪಂಕ್ತಿಯಲ್ಲಿ ಕುಳಿತ, ಎಲೆಗೆ ಅನ್ನ ಬಿದ್ದ ಮೇಲೆ ಎದ್ದು ಹೋದ. ಆರು ವರ್ಷ ಮಾತಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ನಾಗರ ಪಂಚಮಿಗೆ ತಿಪ್ಪವ್ವನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಸೋಮನಿಂಗನ ಮೂರು ಜಡೆ ಬೆಳೆದು ಸೊಂಟಕ್ಕೆ ಬಂದಿದ್ದವು.

ಮರುದಿನ ತಂದೆ ಅಮಸಿದ್ದ ಮಗ್ಗದಿಂದ ಎದ್ದು, ಹೆಗಲಿಗೆ ಕಂಬಳಿ ಹಾಕಿಕೊಂಡು ಶಾಲೆಗೆ ಹೋದ. ವರ್ಕ್‌ಶಾಪಿನ ಮಾಸ್ತರ ಬಸಂತರಾಯ ಇಂಡಿ ಊರಿನವರು. ಹನ್ನೆರಡು ವರ್ಷ ಪುಣೆಯ ಕಾರ್ಖಾನೆಯಲ್ಲಿದ್ದು ಬಂದವರು.

"ಇದೊಂದು ವರ್ಷ ನಡಸಿಕೊಳ್ರಿ ಸರ. ಮನ್ಯಾಗ ಹಿರ್ಯಾರು ಅದಾರು. ಹರಕಿ ಐತಿ."

"ನಾ ನಡಸಿಕೊಂಡ್ರ ಆತೇನು? ಒಳಗ ಬರ್ರಿ."

ಬಸಂತರಾಯ ಕೊರೆಯುವ ಯಂತ್ರ ಚಾಲೂ ಮಾಡಿದರು. ಅಮಸಿದ್ದನ ಕಂಬಳಿಯ ಅಂಚಿನಿಂದ ಒಂದು ಎಳೆ ಎಳೆದು, ತಿರುಗುತ್ತಿದ್ದ ಕಡ್ಡಿಯ ಹತ್ತಿರ ಹಿಡಿದು ಬಿಟ್ಟರು. ಎಳೆ ಸುತ್ತಿಕೊಂಡಿತು. ಅಮಸಿದ್ದ ಹಿಡಿಯಬೇಕೆನ್ನುವಷ್ಟರಲ್ಲಿ ಕಂಬಳಿ ಹೆಗಲ ಮೇಲೆ ಇರಲಿಲ್ಲ. ಯಂತ್ರ ನಿಲ್ಲಿಸಿ, ಸುತ್ತಿಕೊಂಡ ಅಂಚನ್ನು ಬಿಡಿಸಲು ಇಬ್ಬರಿಗೂ ಕಾಲು ಗಂಟೆ ಹಿಡಿಯಿತು.

"ಇದು ಕಂಬಳಿ. ನಾಳೆ ಮತ್ತೊಂದು ನೇಯ್ತೀರಿ," ಎಂದರು ಬಸಂತರಾಯ. "ತಲಿ ಆಗಿದ್ರ?"

ಅಮಸಿದ್ದ ಹರಿದ ಅಂಚನ್ನು ಮಡಿಚಿಕೊಂಡು ಮನೆಗೆ ಬಂದ. ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ಉಂಡ. ಕೈ ತೊಳೆದು ಹೇಳಿದ:

"ಮಾಸ್ತರ ಹೇಳೂದು ಖರೆ ಐತಿ."

"ಏನ್ ಕುಡಿಸ್ಯಾನ ನಿನಗ?" ಎಂದಳು ಶಂಕ್ರೆವ್ವ.

"ಏನೂ ಕುಡಿಸಿಲ್ಲ. ಕಂಬಳಿ ಹರದಾನ."

"ಕಂಬಳೀನೂ ಹರದಾನ! ಅದಕ್ಕ ಖರೆ ಅಂತೀ!"

ಬಾಜೂ ಮನೆಯ ಜೈತುನಬಿ ಬಟ್ಟೆ ಹೊಲಿಯುವವಳು. ದಪ್ಪ ಬಟ್ಟೆಯ ಒಂದು ಟೊಪ್ಪಿಗೆ ಹೊಲಿದುಕೊಟ್ಟಳು. ಮೂರೂ ಜಡೆ ಸುತ್ತಿ ಒಳಗಿಟ್ಟು ಗದ್ದದ ಕೆಳಗೆ ಎರಡು ಲಾಡಿ ಕಟ್ಟಬೇಕು. ಹಾಕಿಕೊಂಡು ನಿಂತ ಸೋಮನಿಂಗನನ್ನು ನೋಡಿ ಅಕ್ಕ ರೇವವ್ವ ನಕ್ಕಳು. ಅವಳು ಅದೇ ಶಾಲೆಯಲ್ಲಿ ಹತ್ತನೆಯ ತರಗತಿ.

"ಕುಂಚಿಗಿ ಕಟ್ಟಿದ ಕೂಸ ಆಗೀದಿ ನೋಡು. ತೊಟ್ಟಲಾ ಹಾಕಲೇನು?"

"ನಗಬ್ಯಾಡವ್ವಾ," ಎಂದಳು ಜೈತುನಬಿ. "ಎರಡ ತಾಸು ಕೂತು ಹೊಲದೇನಿ. ಬೇಕಂದ್ರ ಗಾಳ್ಯಾಗ ತಲಿ ಹಾರೀತು, ಟೊಪಿಗಿ ಹಾರೂದಿಲ್ಲ."

ಬಸಂತರಾಯ ಟೊಪ್ಪಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೊಲಿಗೆ ಭಾಳ ಚಲೋ ಐತಿ ಎಂದರು. ಲಾಡಿಯ ತುದಿ ಹಿಡಿದು, ಇದೂ ಸಿಗತೈತಿ ಎಂದರು. ನಕ್ಷೆಯ ತರಗತಿಗೆ ಕೂಡಬಹುದು, ವರ್ಕ್‌ಶಾಪಿನ ಹೊಸ್ತಿಲು ದಾಟಕೂಡದು.

ಹೀಗಾಗಿ ಸೋಮನಿಂಗ ನಕ್ಷೆ ಮಾತ್ರ ಕಲಿತ. ಮನೆಯಲ್ಲಿ ಕಂಡದ್ದನ್ನೆಲ್ಲ ಎದುರಿನಿಂದ, ಬದಿಯಿಂದ, ಮೇಲಿನಿಂದ ಬರೆದ. ಒರಳು ಬರೆದ, ಮಗ್ಗ ಬರೆದ, ಬುಟ್ಟಿ ಬರೆದ. ಒಂದು ಸಂಜೆ ಶಂಕ್ರೆವ್ವ ಹಾಳೆ ಕಸಿದುಕೊಂಡಳು.

"ಇದೇನು? ದೊಡ್ಡ ಸೊನ್ನಿ, ಅದರಾಗ ಸಣ್ಣ ಸೊನ್ನಿ."

"ನೀನ ಆಯಿ. ಮ್ಯಾಲಿಂದ ನೋಡಿದ್ರ ಹಂಗ ಕಾಣ್ತಿ. ಸಣ್ಣದು ನಿನ್ನ ತುರುಬು."

"ನನ್ನ ಮ್ಯಾಲಿಂದ ನೋಡಾಂವ ದೇವರೊಬ್ಬನ. ನಿನಗ್ಯಾಕ ಬೇಕು ಅದು?"

ಅಮಸಿದ್ದ ಮಗ್ಗದ ಗುಂಡಿಯಲ್ಲಿ ಕುಳಿತೇ ನಕ್ಕ. ತಿಪ್ಪವ್ವ ನಗಲಿಲ್ಲ. ಮಗ್ಗದ ಹಾಸಿನ ಎಳೆಗಳಿಗೆ ಹಚ್ಚಲು ಹುಣಸೆಬೀಜದ ಸರಿ, ಅಂದರೆ ಅಂಟುಗಂಜಿ, ಕುದಿಸುತ್ತಿದ್ದಳು. ಸೌಟನ್ನು ಗಡಿಗೆಯ ಬಾಯಿಗೆ ಬಡಿದು ಹೇಳಿದಳು:

"ನಗ್ರಿ. ಹನ್ನೆರಡನೇ ತಾರೀಖು ಇವತ್ತ. ಇನ್ನ ಹದಿಮೂರು ದಿನಾ ನಕ್ಕೋತ ಕುಂದರ್ರಿ. ನಾವಲಿಗ್ಯಾನ ಕರೀರಿ ಅಂದ್ರ ಒಬ್ರೂ ಏಳಾಂಗಿಲ್ಲ."

"ಆಷಾಢದಾಗ?" ಎಂದಳು ಶಂಕ್ರೆವ್ವ.

"ಆಷಾಢದಾಗ ಕಬ್ಬಣಾ ಉಜ್ಜತಾರಲ್ಲ ಆ ಹುಡುಗೂರು?"

"ಅವರ ತಲ್ಯಾಗ ದೇವರಿಲ್ಲ. ಮಾವಿಲ್ಲದ ಕತ್ತರಿ ಹಚ್ಚಬೇಕಂತೀಯೇನು? ಹಚ್ಚು. ಎರಡು ಕೂಸಿಗೆ ಮಣ್ಣ ಕೊಟ್ಟೀದಿ. ಮೂರನೇದಕ್ಕ ಕತ್ತರಿ ಹಚ್ಚು."

ತಿಪ್ಪವ್ವ ಸೌಟು ಕೆಳಗಿಟ್ಟಳು. ಸರಿ ತಳ ಹತ್ತಿತು. ಅದನ್ನು ಚೆಲ್ಲಿ ಮತ್ತೊಮ್ಮೆ ಬೀಜ ಅರೆಯಬೇಕಾಯಿತು.

"ನಿಮ್ಮಣ್ಣಗ ಹೇಳಿ ಕಳಸು," ಎಂದ ಅಮಸಿದ್ದ.

"ಎರಡ ಕಾರ್ಡ ಬರಸೇನಿ ರೇವವ್ವನ ಕಡಿಂದ. ಒಂದಕ್ಕೂ ಜವಾಬಿಲ್ಲ. ಅವನ್ನ ಪಂಕ್ತಿಂದ ಎಬ್ಬಿಸಿದಾವ್ರು ನೀವು. ನೀವ ಹೋಗ್ರಿ."

"ನಾ ಎಬ್ಬಿಸಿಲ್ಲ. ಅಂವನ ಎದ್ದ."

"ಎದ್ದಾಗ ಕೂಡು ಅಂದ್ರೇನು?"

"ಸಾರಿನ ಬಕೀಟ ಹಿಡಕೊಂಡಿದ್ದೆ ನಾ."

"ಬಕೀಟ ಕೆಳಗ ಇಡಾಕ ಬರತಿದ್ದಿಲ್ಲ?"

ಅಮಸಿದ್ದ ಲಾಳಿ ತಳ್ಳಿದ. ಆರು ವರ್ಷದಲ್ಲಿ ಈ ಜಗಳ ಎಷ್ಟು ಸಲ ಆಗಿತ್ತೆಂದರೆ, ಯಾರ ಸರದಿ ಯಾವಾಗ ಎನ್ನುವುದು ಮಕ್ಕಳಿಗೂ ಗೊತ್ತಿತ್ತು. ಬಕೀಟಿನ ಮಾತು ಬಂದರೆ ಮುಗಿಯಿತು ಎಂದು ರೇವವ್ವ ಊಟಕ್ಕೆ ತಾಟು ಹಾಕುತ್ತಿದ್ದಳು.

ಹದಿನಾರಕ್ಕೆ ಶಂಕ್ರೆವ್ವ ಬುತ್ತಿ ಕಟ್ಟಿಕೊಂಡಳು. ಗುಡಿಗೆ ಹೋಗಿ ಬರುತ್ತೇನೆ ಎಂದು ಬಸ್ಸು ಹತ್ತಿದಳು. ಮರುದಿನ ಇಳಿಹೊತ್ತಿನಲ್ಲಿ ಬಂದು, ಕಾಲು ಚಾಚಿ ಕುಳಿತು ಒಂದು ತಂಬಿಗೆ ಮಜ್ಜಿಗೆ ಕುಡಿದಳು.

"ಬರ್ತಾನ," ಎಂದಳು.

"ಯಾರು?"

"ನಿಮ್ಮಣ್ಣ. ಶ್ರಾವಣದ ಮೊದಲನೇ ಐತವಾರ. ಇಪ್ಪತ್ತೊಂದಕ್ಕ."

ತಿಪ್ಪವ್ವ ಅವಳ ಮುಂದೆ ಕುಳಿತಳು. "ದೇವಣಗಾಂವಕ್ಕ ಹೋಗಿದ್ರಿ? ಹೆಂಗ ಒಪ್ಪಿದಾ?"

"ಅಂವಾ ಮನಶ್ಯಾ ಅಲ್ಲೇನು? ಅಳಿಯನ ಮ್ಯಾಲ ಅಂತಃಕರಣ ಇರೂದಿಲ್ಲೇನು?"

"ಆರು ವರ್ಷ ಇರಲಿಲ್ಲ."

"ಈಗ ಬಂತು. ಬಂದದ್ದಕ್ಕ ಯಾಕ ಬಂದಿ ಅಂತ ಕೇಳ್ತಾರೇನು? ಮತ್ತ ನಿನ್ನೂ ಕರಕೊಂಡ ಹೊಕ್ಕಾನಂತ. ಪಂಚಮಿಗೆ."

ತಿಪ್ಪವ್ವ ಎದ್ದಳು. ಒಳಗೆ ಹೋಗಿ ಪೆಟ್ಟಿಗೆ ತೆಗೆದು ಎರಡು ಸೀರೆ ಬಿಸಿಲಿಗೆ ಹಾಕಿದಳು. ಆ ವಾರ ಅವಳು ಯಾರ ಮೇಲೂ ರೇಗಲಿಲ್ಲ. ಶೇಂಗಾ ಹುರಿದಳು, ಬೆಲ್ಲ ಕುಟ್ಟಿದಳು, ಜೈತುನಬಿಯ ಕೈಯಲ್ಲಿ ಒಂದು ಹೊಸ ಕುಬಸ ಹೊಲಿಸಿದಳು. ತವರಿನ ಓಣಿಯಲ್ಲಿ ಜೋಕಾಲಿ ಕಟ್ಟುವ ಬೇವಿನಮರ ಇನ್ನೂ ಇದೆಯೋ ಇಲ್ಲವೋ ಎಂದು ಅತ್ತೆಯನ್ನು ಎರಡು ಸಲ ಕೇಳಿದಳು.

"ಐತಿ, ಐತಿ," ಎಂದಳು ಶಂಕ್ರೆವ್ವ. "ಮರ ಎಲ್ಲಿಗೆ ಹೊಕ್ಕೈತಿ?"

ಐತವಾರ ಬೆಳಗಿನ ಬಸ್ಸಿಗೆ ಮಾಳಿಂಗಪ್ಪ ಬಂದ. ಮೀಸೆ ಬೆಳ್ಳಗಾಗಿತ್ತು. ತಂಗಿಯನ್ನು ನೋಡಿ, ಸೊರಗೀದಿ ಎಂದ. ಕಾಲಿಗೆ ನೀರು ಕೊಟ್ಟ ರೇವವ್ವನನ್ನು ನೋಡಿ, ಎತ್ತರ ಆಗ್ಯಾಳ ಎಂದ. ಅಮಸಿದ್ದನ ಜೊತೆ ಮಳೆಯ ಮಾತಾಡಿದ. ಸೋಮನಿಂಗನಿಗೆ ಹೊಸ ಅಂಗಿ ಚಡ್ಡಿ ತಂದಿದ್ದ.

ಅಂಗಳದಲ್ಲಿ ಕಂಬಳಿ ಹಾಸಿದರು. ಎಣ್ಣೆ ಹಚ್ಚಿದ ಜಡೆಗಳನ್ನು ಬೆನ್ನಿಗೆ ಬಿಟ್ಟುಕೊಂಡು ಸೋಮನಿಂಗ ಕುಳಿತ. ನಾವಲಿಗ ಬದಿಯಲ್ಲಿ ಕತ್ತಿ ಮಸೆಯುತ್ತಿದ್ದ. ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು.

ಅಣ್ಣ ತಂದ ಚೀಲವನ್ನು ಒಳಗಿಡಲು ತಿಪ್ಪವ್ವ ಎತ್ತಿಕೊಂಡಳು. ತೆಂಗಿನಕಾಯಿಯ ಮೇಲೆ ಒಂದು ಹಸಿರು ಸೀರೆ, ಖಣ, ಬಳೆ, ಸಕ್ಕರೆಯ ಪೊಟ್ಟಣ ಇದ್ದವು.

"ಅಣ್ಣಾ, ಈ ಸೀರಿ ಯಾರಿಗೆ? ನನಗ?"

"ನಿನಗ ಬ್ಯಾರೆ ಐತಿ. ಅದು ರೇವವ್ವಗ."

"ಯಾಕ?"

ಮಾಳಿಂಗಪ್ಪ ಶಂಕ್ರೆವ್ವನ ಕಡೆ ನೋಡಿದ. ಶಂಕ್ರೆವ್ವ ಆರತಿಯ ತಟ್ಟೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

"ಅತ್ತೀ," ಎಂದಳು ತಿಪ್ಪವ್ವ. "ಏನ್ ಮಾತ ಕೊಟ್ಟ ಬಂದೀರಿ?"

"ಕೊಟ್ಟೇನಿ. ಕೊಡದ ಇದ್ರ ಅಂವಾ ಬರತಿದ್ನೇನು? ಇವತ್ತ ಜಡಿ, ಇವತ್ತ ನಿಶ್ಚಯದ ಸಕ್ಕರಿ. ಎಂದಾದ್ರೂ ಒಂದಿನಾ ಹೋಗಾಕಿ ಅಕಿ. ಪರರ ಮನಿಗೇನು ಹೊಂಟಿಲ್ಲ, ಸೋದರಮಾವನ ಮನಿಗೆ ಸೊಸಿಯಾಗಿ ಹೊಂಟಾಳ."

"ಯಾಕಿ ಹೋಗಾಕಿ?" ಎಂದು ರೇವವ್ವ ಬಾಗಿಲಿನಿಂದ ಕೇಳಿದಳು.

"ನೀ ಒಳಗ ನಡಿ."

"ಒಳಗ ನಿಂತ ಕೇಳಾಕತ್ತೇನಿ ಆಯಿ. ನನಗ ಮಾರ್ಚದಾಗ ಪರೀಕ್ಷಾ ಐತಿ. ನನ್ನ ಯಾರೂ ಕೇಳಿಲ್ಲ."

"ನಿನ್ನ ಏನ್ ಕೇಳೂದು? ನನ್ನ ಯಾರ ಕೇಳಿದ್ರು?"

ಕಂಬಳಿಯ ಮೇಲಿಂದ ಸೋಮನಿಂಗ ಎದ್ದು ನಿಂತ. "ಅವ್ವಾ, ನನಗ ಆ ಜಾಗಾ ಬ್ಯಾಡ. ನಾ ಸಾದಾ ವಿಭಾಗಕ್ಕ ಹೊಕ್ಕೇನಿ. ಅಕ್ಕನ್ನ ಕೊಡಬ್ಯಾಡ್ರಿ."

"ಕುಂದರಲೇ ನೀ!" ಎಂದು ಅಮಸಿದ್ದ ಗದರಿದ. ಆ ಬೆಳಿಗ್ಗೆ ಅವನ ಬಾಯಿಂದ ಜೋರಾಗಿ ಬಂದ ಮಾತು ಅದೊಂದೇ. ಸೋಮನಿಂಗ ಕುಳಿತ.

"ನಾ ಜುಲುಮಿ ಮಾಡಾಂವ ಅಲ್ಲ," ಎಂದ ಮಾಳಿಂಗಪ್ಪ. "ಕರದ್ರು, ಬಂದೇನಿ. ಮಾತ ಕೊಟ್ರು, ಸೀರಿ ತಂದೇನಿ. ಒಮ್ಮೆ ಎಲಿ ಬಿಟ್ಟ ಎದ್ದೇನಿ ಈ ಮನ್ಯಾಗ. ಮತ್ತೊಮ್ಮೆ ಏಳಸಬ್ಯಾಡ್ರಿ. ಮೊದಲ ಸಕ್ಕರಿ ಹಂಚ್ರಿ, ಆಮ್ಯಾಲ ಕತ್ತರಿ."

"ಮೊದಲ ಕತ್ತರಿ," ಎಂದಳು ತಿಪ್ಪವ್ವ.

"ಯಾಕ, ನಂಬಿಕಿಲ್ಲೇನು ನನ್ನ ಮ್ಯಾಲ?"

"ನಿನಗ ನನ್ನ ಮ್ಯಾಲ ಐತೇನು?"

ನಾವಲಿಗ ಕತ್ತಿ ಮಸೆಯುವುದನ್ನು ನಿಲ್ಲಿಸಿ ಬೀಡಿ ಹಚ್ಚಿದ. ಹೊತ್ತು ಏರಿತು. ಸಕ್ಕರೆ ಮೊದಲೋ ಕತ್ತರಿ ಮೊದಲೋ ಎಂದು ಅಣ್ಣ ತಂಗಿ ಅಂಗಳದಲ್ಲಿ ನಿಂತೇ ಇದ್ದರು. ಹುಗ್ಗಿಯನ್ನು ಯಾರೂ ತಿರುವಲಿಲ್ಲ. ಜೈತುನಬಿ ಗೋಡೆಯ ಮೇಲಿಂದ ಇಣುಕಿ, ವಾಸನಿ ಬರಾಕತ್ತೈತ್ರೆವ್ವಾ ಎಂದು ಕೂಗಿದಳು.

ಕೊನೆಗೆ ಶಂಕ್ರೆವ್ವ ತಟ್ಟೆ ಕೆಳಗಿಟ್ಟು ಪಂಚಾಯಿತಿ ಮಾಡಿದಳು. "ಇಬ್ಬರ ಮಾತೂ ಬ್ಯಾಡ. ಮಾಳಿಂಗಪ್ಪಾ, ನೀ ಒಂದ ಜಡಿ ಕತ್ತರಸು. ಆಮ್ಯಾಲ ಸಕ್ಕರಿ ಹಂಚೂನು. ಆಮ್ಯಾಲ ಉಳದ ಎರಡು."

ಮಾಳಿಂಗಪ್ಪ ವಿಚಾರ ಮಾಡಿದ. ನ್ಯಾಯ ಎನಿಸಿತು. ಹುಡುಗನ ಹಿಂದೆ ಕುಳಿತು, ದೇವರ ಹೆಸರು ಹೇಳಿ, ನಡುವಿನ ಜಡೆಗೆ ಕತ್ತರಿ ಹಚ್ಚಿದ. ಹದಿಮೂರು ವರ್ಷದ ಕೂದಲು. ನಾಲ್ಕು ಸಲ ಒತ್ತಿದ ಮೇಲೆ ಕೈಗೆ ಬಂತು. ಶಂಕ್ರೆವ್ವ ಆರತಿ ಎತ್ತಿದಳು. ಮಾಳಿಂಗಪ್ಪ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡ.

"ಈಗ ಸಕ್ಕರಿ ತರ್ರಿ."

ಎರಡು ಜಡೆ ಬಿಟ್ಟುಕೊಂಡು, ನಡುವೆ ಮೋಟು ಕೂದಲು ನಿಂತ ಸೋಮನಿಂಗ ನೆಲ ನೋಡುತ್ತಿದ್ದ. ನಾವಲಿಗ ಬೀಡಿ ಒಗೆದ.

"ಮುಂದ ಮಾಡಲೋ ಬ್ಯಾಡೋ ಹೇಳ್ರಿ. ಇನ್ನ ಎರಡು ಮನಿಗೆ ಹೋಗೂದೈತಿ ನಾ."

ಅಮಸಿದ್ದ ಹೆಂಡತಿಯ ಕಡೆ ನೋಡಿದ. ಶಂಕ್ರೆವ್ವ ನೋಡಿದಳು. ಅಣ್ಣನೂ ನೋಡಿದ.

"ಮಾಡು," ಎಂದಳು ತಿಪ್ಪವ್ವ.

"ಸಕ್ಕರಿ?" ಎಂದಳು ಶಂಕ್ರೆವ್ವ.

"ಮೊದಲನೇ ಜಡಿಗೆ ಮಾವ ಕತ್ತರಿ ಹಚ್ಚಬೇಕು. ಹಚ್ಚ್ಯಾನ. ಹರಕಿ ಮುಗೀತು. ಹೌದಿಲ್ಲರಿ ಅತ್ತೀ? ಹದಿಮೂರು ವರ್ಷದಿಂದ ನೀವ ಹೇಳಾಕತ್ತೀರಿ."

ಶಂಕ್ರೆವ್ವ ಆರತಿಯ ತಟ್ಟೆ ಕೆಳಗಿಟ್ಟಳು. ಅಲ್ಲ ಎಂದರೆ ಹರಕೆ ಸುಳ್ಳಾಗುತ್ತಿತ್ತು.

ನಾವಲಿಗ ಎರಡನೆಯ ಜಡೆ ಹಿಡಿದ.

"ತಂಗೀ," ಎಂದ ಮಾಳಿಂಗಪ್ಪ. "ವಿಚಾರ ಮಾಡು."

"ಮಾಡೇನಿ."

"ಪಂಚಮಿ ಬುಧವಾರ ಐತಿ."

"ಗೊತ್ತೈತಿ."

"ಮುಂದೂ ಪಂಚಮಿ ಬರತಾವು. ನಾ ಬರೂದಿಲ್ಲ."

"ಗೊತ್ತೈತಣ್ಣಾ."

ಮಾಳಿಂಗಪ್ಪ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ತಲೆ ನುಣ್ಣಗಾಗುವವರೆಗೂ ಅಲ್ಲೇ ಕುಳಿತ. ಮೂರೂ ಜಡೆಗಳನ್ನೂ ಉದುರಿದ ಕೂದಲನ್ನೂ ಬಳಿದು ತನ್ನ ಶಲ್ಯದಲ್ಲಿ ಗಂಟು ಕಟ್ಟಿದ. ಹಸಿರು ಸೀರೆಯ ಚೀಲ ಎತ್ತಿಕೊಂಡ. ಅಳಿಯನ ಹೊಸ ಬಟ್ಟೆಯನ್ನು ಕಂಬಳಿಯ ಮೇಲೆಯೇ ಬಿಟ್ಟ.

"ಇದು ದೇವರ ಪಾಲು. ಇದನ್ನ ಮುಟ್ಟಸ್ತೇನಿ," ಎಂದ. "ಈ ಮನಿಯಿಂದ ನಾ ಒಯ್ಯೂದು ಇದ ಕಡೀಗೆ."

"ಉಂಡ ಹೋಗು."

ಅವನು ಚಪ್ಪಲಿ ಮೆಟ್ಟಿ ಹೊರಟ. ಅಮಸಿದ್ದ ಅವನ ಹಿಂದೆ ಓಣಿಯ ತುದಿಯವರೆಗೆ ಹೋದ. ಈ ಸಲ ಏನು ಹೇಳಿದನೋ, ಹಿಂದಿರುಗಿ ಬಂದು ಮಗ್ಗದಲ್ಲಿ ಕುಳಿತ. ತಳ ಹತ್ತಿದ ಹುಗ್ಗಿಯನ್ನು ಮೇಲಿನಿಂದ ಬಳಿದು ಮಕ್ಕಳಿಗೆ ಬಡಿಸಿದಳು ತಿಪ್ಪವ್ವ. ಸೋಮನಿಂಗ ಎರಡು ಸಲ ಹಾಕಿಸಿಕೊಂಡ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಸೋಮವಾರದಿಂದ ಅವನು ವರ್ಕ್‌ಶಾಪಿನ ಒಳಗೆ ಹೋದ. ಶಂಕ್ರೆವ್ವ ಸೊಸೆಯ ಜೊತೆ ಮಾತು ಬಿಟ್ಟಳು. ಏನು ಬೇಕಾದರೂ ಮೊಮ್ಮಗಳ ಮುಖಾಂತರ.

"ನಿಮ್ಮವ್ವಗ ಹೇಳು, ಉಪ್ಪು ಹೆಚ್ಚಾಗೈತಿ."

"ನಿಮ್ಮ ಆಯಿಗೆ ಹೇಳು, ನೀರ ಹಾಕ್ಕೊಳ್ಳಲಿ."

"ಇಬ್ರಿಗೂ ಕೇಳಸೈತಿ," ಎನ್ನುತ್ತಿದ್ದಳು ರೇವವ್ವ. "ನಾ ಓದಾಕತ್ತೇನಿ."

ಮಂಗಳವಾರ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅಣ್ಣಂದಿರ ಹಿಂದೆ ಹೊರಟರು. ಹೊರಟವರೆಲ್ಲ ನೀ ಯಾವಾಗ ಹೊಂಟಿ ತಿಪ್ಪವ್ವಾ ಎಂದು ಕೇಳಿದರು. ಬುಧವಾರ ಪಂಚಮಿ. ತಿಪ್ಪವ್ವ ಹುತ್ತಕ್ಕೆ ಹಾಲೆರೆದು ಬಂದು ಬೆಳಿಗ್ಗೆಯಿಂದ ಸಂಜೆಯ ತನಕ ಉಣ್ಣೆ ನೂತಳು.

ಗುರುವಾರ ಮಧ್ಯಾಹ್ನ ಅವಳು ಶಾಲೆಗೆ ಹೋದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ವರ್ಕ್‌ಶಾಪಿನ ಬಾಗಿಲಲ್ಲಿ ಸೆರಗು ಹೊದ್ದು ನಿಂತಳು. ಬಸಂತರಾಯ ಹೊರಗೆ ಬಂದರು.

"ಪಟ್ಟಿ ಹೋತೇನ್ರಿ?"

"ಮುಂಜಾನೆ ಹೋತವ್ವ."

"ಇಂವನ ಹೆಸರು?"

"ಐತಿ."

"ಇದನ್ನ ಕಲ್ತ ನೌಕರಿ ಸಿಗಾಕ ಎಷ್ಟ ವರ್ಷ ಬೇಕ್ರಿ?"

"ಹತ್ತನೇದು ಪಾಸಾಗಬೇಕು. ಆಮ್ಯಾಲ ಮೂರು ವರ್ಷ ಡಿಪ್ಲೊಮಾ. ಆರು ವರ್ಷ ಅನ್ರಿ. ಸಿಕ್ಕರ."

"ಸಿಕ್ಕರ ಅಂದ್ರ?"

"ನಾ ಖಾತ್ರಿ ಕೊಡಾಂವ ಅಲ್ಲವ್ವ. ಕಲಸ್ತೇನಿ, ಅಷ್ಟ."

ತಿಪ್ಪವ್ವ ಒಳಗೆ ನೋಡಿದಳು. ಬೋಳುತಲೆಯ ಮಗ ಬಾಗಿ ನಿಂತು ಉಜ್ಜುತ್ತಿದ್ದ. ತಾಯಿಯನ್ನು ಕಂಡು, ಮೇಜಿಗೆ ಬಿಗಿದ ಇಕ್ಕಳದಿಂದ ಕಬ್ಬಿಣದ ತುಂಡು ಬಿಚ್ಚಿಕೊಂಡು ಓಡಿ ಬಂದ. ಅವನ ಅಂಗೈಯಲ್ಲಿ ಎರಡು ಗುಳ್ಳೆ ಒಡೆದಿದ್ದವು. ತುಂಡು ಬೆಲ್ಲದ ಹೆಂಟೆಯಷ್ಟಿತ್ತು.

"ಮೂರು ದಿನಾ ಇದನ್ನ ಮಾಡೀದಿ?"

"ಒಂದ ಮಗ್ಗಲ, ಅವ್ವಾ."

"ಒಂದ ಮಗ್ಗಲಾನರ ಆತೇನು?"

"ಆಗಿಲ್ಲ. ಮಾಸ್ತರ ಉಕ್ಕಿನ ಪಟ್ಟಿ ಇಟ್ಟ ಬೆಳಕಿಗೆ ಹಿಡದ್ರು. ನಡುವ ಬೆಳಕ ಬರತೈತಿ. ನೋಡು."

ಅವನು ಉಕ್ಕಿನ ಪಟ್ಟಿಯನ್ನು ತುಂಡಿನ ಮೇಲಿಟ್ಟು ಎತ್ತಿ ಹಿಡಿದ. ತಿಪ್ಪವ್ವ ಒಂದು ಕಣ್ಣು ಮುಚ್ಚಿ ನೋಡಿದಳು. ಎರಡು ಕಬ್ಬಿಣದ ನಡುವೆ ಕೂದಲೆಳೆಯಷ್ಟು ಬೆಳಕಿತ್ತು.

"ಇಷ್ಟಕ್ಕ?"

"ಇಷ್ಟೂ ಇರಬಾರದಂತ."

"ಮತ್ತ?"

"ಮತ್ತ ಉಜ್ಜಬೇಕು."

ತಿಪ್ಪವ್ವ ತುಂಡನ್ನು ಅವನ ಕೈಗೆ ಹಾಕಿದಳು.

"ಹಂಗಾದ್ರ ಇಲ್ಲಿ ಯಾಕ ನಿಂತೀ? ನಡಿ. ಉಜ್ಜು."